ಕೈ ಬಿಡುವಾದರೆ ಮಾತು

"ಇವ್ರು ನಮ್ ಲೈನಲ್ಲೇ ಬೆಸ್ಟ್ ಮೇಡಂ. ಮಾತಿಲ್ಲ, ಕತೆಯಿಲ್ಲ. ತಲೆ ಬಗ್ಗಿಸಿದ್ರೆ ಊಟದ ಬೆಲ್ಲಿಗೇ ಎತ್ತೋದು."

ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ನಾಲ್ಕು ಮಂದಿ ಕಿವುಡ ಟೈಲರ್‌ಗಳನ್ನು ತೋರಿಸುತ್ತಾ ಸೂಪರ್‌ವೈಸರ್ ಹೇಳಿದ್ದು ಇದು. ಆತ ಮನಸಾರೆ ಹೊಗಳುತ್ತಿದ್ದ. ಊಟದ ಬೆಲ್ ಅವರಿಗೆ ಕೇಳಿಸುವುದೇ ಇಲ್ಲ ಅನ್ನುವುದು ಮಾತ್ರ ಹೊಳೆದಿರಲಿಲ್ಲ. ಅಕ್ಕಪಕ್ಕದ ಮಿಷನ್‌ಗಳು ನಿಂತಾಗ ಟೇಬಲ್ಲಿನ ನಡುಕ ನಿಲ್ಲುತ್ತದೆ, ಅದಕ್ಕೆ ತಲೆ ಎತ್ತುತ್ತಾರೆ. ಅದಿರಲಿ. ಕೊರೆಯುತ್ತ ಉಳಿದದ್ದು 'ಮಾತಿಲ್ಲ' ಅನ್ನುವ ಮಾತು. ಹೊಲಿಯುವಾಗ ಎಡಗೈ ಬಟ್ಟೆಯನ್ನು ಸೂಜಿಯ ಕಡೆಗೆ ನಡೆಸುತ್ತದೆ, ಬಲಗೈ ಅಂಚು ಹಿಡಿದು ಕೂಡಿಸುತ್ತದೆ. ಕೇಳುವವರು ಹಾಗೆ ಹೊಲಿಯುತ್ತಲೇ ಪಕ್ಕದವಳಿಗೆ ಮಗುವಿನ ಜ್ವರ, ಚೀಟಿ ದುಡ್ಡು, ಅತ್ತೆ ಮನೆಯ ರಗಳೆ ಎಲ್ಲ ಹೇಳಿ ಮುಗಿಸುತ್ತಾರೆ. ಸನ್ನೆಯಲ್ಲಿ ಮಾತಾಡುವವರಿಗೆ ಆ ಎರಡು ಕೈಗಳೇ ಬಾಯಿ. ಎಂಟು ಗಂಟೆ ಕೈ ಕಟ್ಟಿಹಾಕಿ, ಆಮೇಲೆ 'ಮಾತೇ ಆಡಲ್ಲ, ಎಷ್ಟು ಏಕಾಗ್ರತೆ' ಎಂದು ಮೆಚ್ಚಿಕೊಂಡರೆ ಅದು ಯಾರ ಬಾಯಿಗೋ ಬಟ್ಟೆ ತುರುಕಿ ಎಷ್ಟು ಸಂಕೋಚದ ಸ್ವಭಾವ ಅಂದಂತೆ.

ಕಿವುಡ ಫ್ಯಾಷನ್ ಡಿಸೈನರ್‌ಗಳ ಸುದ್ದಿ ಬಂದಾಗಲೆಲ್ಲ ಬರುವುದು ವೇದಿಕೆಯ ಫೋಟೊ. 2013ರಲ್ಲಿ ಅಮೆರಿಕದ 'ಪ್ರಾಜೆಕ್ಟ್ ರನ್‌ವೇ' ಸ್ಪರ್ಧೆಯ ಫೈನಲ್ ತಲುಪಿದ ಜಸ್ಟಿನ್ ಲೆಬ್ಲಾಂಕ್ ಬಗ್ಗೆಯೂ ಹಾಗೇ ಆಯಿತು, ಬೆಳಕು, ಚಪ್ಪಾಳೆ, 'ಕೊರತೆಯನ್ನು ಮೆಟ್ಟಿ ನಿಂತವರು'. ಉಡುಪು ಹುಟ್ಟುವ ಜಾಗ ಬೇರೆ. ಕಟಿಂಗ್ ಟೇಬಲ್, ಬಣ್ಣದ ಹಂಡೆ, ಮಿಷನ್ನಿನ ಸಾಲು. ಪರಿಸರಕ್ಕೂ ಹೊಲಿಯುವವರಿಗೂ ಅನ್ಯಾಯವಾಗದಂತೆ ಬಟ್ಟೆ ಮಾಡುತ್ತೇನೆ ಎಂದು ಒಬ್ಬ ಕಿವುಡ ಡಿಸೈನರ್ ಹೊರಟರೆ ಅಲ್ಲಿ ಏನೇನು ಬದಲಾಗಬೇಕಾಗುತ್ತದೆ ಅನ್ನುವುದು ಇಲ್ಲಿನ ವಿಷಯ.

ಪಟ್ಟೆಯೋ, ಬಟ್ಟೆಯೋ

ಕಟಿಂಗ್ ಮಾಸ್ಟರ್ ಅಂದರೆ ಬಾಯಲ್ಲಿ ನಾಲ್ಕು ಗುಂಡುಪಿನ್ನು, ಕಿವಿಯ ಮೇಲೆ ಚಾಕ್, ಕುತ್ತಿಗೆಗೆ ಟೇಪು. ಮೇಲಿಂದ ಒಂದು ಪೊದೆ ಮೀಸೆ. ಅವರ ತುಟಿ ನೋಡಿ ಮಾತು ಅರ್ಥಮಾಡಿಕೊಳ್ಳಬೇಕು ಅನ್ನುವುದು ಯಾವ ಸ್ಪೀಚ್ ಥೆರಪಿಯೂ ಕಲಿಸದ ಶಿಕ್ಷೆ. ಪಿನ್ನು ಮೀಸೆ ಎರಡೂ ಇಲ್ಲದಿದ್ದರೂ ಕನ್ನಡ ಬಿಟ್ಟುಕೊಡುವುದಿಲ್ಲ. ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಮುಚ್ಚುತ್ತದೆ. ಕನ್ನಡಿ ಮುಂದೆ ನಿಂತು 'ಪಟ್ಟೆ' ಅನ್ನಿ, 'ಬಟ್ಟೆ' ಅನ್ನಿ. ಕಣ್ಣಿಗೆ ಕೂದಲೆಳೆಯ ವ್ಯತ್ಯಾಸವೂ ಸಿಗುವುದಿಲ್ಲ. ಕ, ಗ ಗಂಟಲ ಹತ್ತಿರವೇ ಮುಗಿದುಹೋಗುತ್ತವೆ. ಹೊಲಿಗೆಯಲ್ಲಿ ಪಟ್ಟೆ ಬೇರೆ, ಬಟ್ಟೆ ಬೇರೆ. 'ಪಟ್ಟೆ ಅಡ್ಡ ಇಡು' ಅನ್ನುವುದಕ್ಕೂ 'ಬಟ್ಟೆ ಅಡ್ಡ ಇಡು' ಅನ್ನುವುದಕ್ಕೂ ನಡುವೆ ಹತ್ತು ಮೀಟರ್ ಕೈಮಗ್ಗದ ಬಟ್ಟೆ ಕತ್ತರಿಗೆ ಸಿಕ್ಕಿ ಹಾಳಾಗಬಹುದು.

ಆದರೆ ಇದು ಕಿವುಡರ ತೊಂದರೆ ಮಾತ್ರ ಅಂದುಕೊಳ್ಳಬೇಡಿ. ಇಪ್ಪತ್ತು ಮಿಷನ್ ಓಡುತ್ತಿರುವ ಹಾಲಿನಲ್ಲಿ 'ಆರೂವರೆ' ಅಂದದ್ದು 'ಏಳೂವರೆ' ಎಂದು ಕೇಳಿಸಿ ಕುತ್ತಿಗೆ ಒಂದಿಂಚು ಹೆಚ್ಚು ಕತ್ತರಿಸಿದ ಕತೆ ಯಾವ ಟೈಲರ್ ಅಂಗಡಿಯಲ್ಲಿ ಇಲ್ಲ? ಹಾಳಾದ ಬಟ್ಟೆಗೆ ಕಾರಣ ಹುಡುಕುತ್ತಾ ಹೋದರೆ ಬಹಳಷ್ಟು ಸಲ ಕೊನೆಗೆ ಸಿಗುವುದು ಒಂದು ಬಾಯಿಮಾತು. ಅದಕ್ಕೇ ಕಿವುಡ ಡಿಸೈನರ್‌ನ ಟೇಬಲ್ ಮೇಲೆ ಬಾಯಿಮಾತಿಗೆ ಜಾಗವೇ ಇರುವುದಿಲ್ಲ. ಅಳತೆ ಬರೆಯುವುದರಲ್ಲೂ ಶಿಸ್ತು: ಅವಸರದಲ್ಲಿ ಬರೆದ 6 1/2 ಒಬ್ಬರಿಗೆ 61/2 ಆಗಿ ಕಾಣುತ್ತದೆ, ಆದ್ದರಿಂದ 6.5. ಭುಜ, ಬಗಲು, ಎದೆ, ಉದ್ದ ಎಲ್ಲಕ್ಕೂ ಉಡುಪಿನ ಚಿತ್ರದ ಮೇಲೇ ಬಾಣದ ಗುರುತು.

ಇಲ್ಲಿ ಕೇಳುವವರು ಮಾಡುವ ಒಂದು ತಪ್ಪಿದೆ. 'ಕೇಳಿಸೋದಿಲ್ಲ ತಾನೆ, ಎಲ್ಲ ಬರೆದುಕೊಟ್ಟರೆ ಆಯಿತು' ಎಂದು ಎರಡು ಪುಟದ ಸೂಚನೆ ಟೈಪ್ ಮಾಡಿ ಕೊಡುತ್ತಾರೆ. ಹುಟ್ಟಿನಿಂದ ಕಿವುಡರಾದ ಬಹಳ ಮಂದಿಗೆ ಬರಹದ ಕನ್ನಡ ಎರಡನೆಯ ಭಾಷೆ. ಸನ್ನೆಭಾಷೆಯ ವ್ಯಾಕರಣವೇ ಬೇರೆ. ವಿಭಕ್ತಿ ಪ್ರತ್ಯಯ ಪೋಣಿಸಿದ ಉದ್ದ ವಾಕ್ಯ ಅವರಿಗೆ ಹಳಗನ್ನಡ ಓದಿದ ಹಾಗೆ. ಕೆಲಸಕ್ಕೆ ಬರುವುದು ಹಂತದ ಸ್ಯಾಂಪಲ್. ಒಂದು ರಟ್ಟಿನ ಮೇಲೆ ಅದೇ ಹೊಲಿಗೆಯ ನಾಲ್ಕು ತುಂಡು: ಮೊದಲನೆಯದರಲ್ಲಿ ಬರೀ ಚಾಕ್ ಗೆರೆ, ಎರಡನೆಯದರಲ್ಲಿ ಮೊದಲ ಹೊಲಿಗೆ, ಮೂರನೆಯದರಲ್ಲಿ ಕತ್ತರಿಸಿ ಮಡಚಿದ್ದು, ನಾಲ್ಕನೆಯದು ಮುಗಿದದ್ದು. ಹೊಲಿಗೆಯ ದಾರ ಬೇಕೆಂದೇ ಬೇರೆ ಬಣ್ಣದ್ದು, ಎದ್ದು ಕಾಣಲಿ ಅಂತ. ಒಂದು ಕುರ್ತಾಗೆ ಇಂಥ ಆರೇಳು ರಟ್ಟು ಸಾಕು. ಮುಟ್ಟಿ ನೋಡಬಹುದು, ಮಗುಚಿ ಹಿಂಬದಿ ನೋಡಬಹುದು, ನಾಳೆ ಬೇರೆ ಯಾರೋ ಬಂದರೂ ಅದೇ ರಟ್ಟು ಅದನ್ನೇ ಹೇಳುತ್ತದೆ.

ನೋಡಿದರೆ ಹೊಲಿಗೆಯವರು ಮೊದಲಿನಿಂದಲೂ ಸನ್ನೆಯಲ್ಲೇ ಮಾತಾಡುತ್ತಿದ್ದಾರೆ. ತೋಳಿನ ಅಂಚಿನಲ್ಲಿ ಕತ್ತರಿಯಿಂದ ಹಾಕಿದ ಒಂದು ಕಚ್ಚು ಇದ್ದರೆ ಮುಂದಿನ ಭಾಗ, ಎರಡು ಕಚ್ಚು ಇದ್ದರೆ ಹಿಂದಿನದು. ಯಾರೂ ಯಾರಿಗೂ ಹೇಳಬೇಕಿಲ್ಲ. ಆ ಕಚ್ಚು ಕಾಲಿಂಚಿನ ಒಳಗೇ ಇರಬೇಕು ಅನ್ನುವುದೊಂದೇ ಎಚ್ಚರ. ಕೈಮಗ್ಗದ ಸಡಿಲ ನೇಯ್ಗೆಯಲ್ಲಿ ಆಳವಾಗಿ ಕಚ್ಚಿದರೆ ಎಳೆ ಬಿಚ್ಚಿಕೊಂಡು ಹೊಲಿಗೆಯ ತನಕ ಬರುತ್ತದೆ. ದೆಹಲಿಯ ಭಾರತೀಯ ಸನ್ನೆಭಾಷಾ ಸಂಶೋಧನ ಕೇಂದ್ರದ ನಿಘಂಟು 2021ರ ಹೊತ್ತಿಗೆ 10,000 ಪದ ಮುಟ್ಟಿತು. ಆದರೆ ಬಗಲ ತುಂಡು, ತುರುಪಿ (ಅಂಚು ಮಡಚಿ ಹಾಕುವ ಕೈಹೊಲಿಗೆ), ಕಲಿ (ಕುರ್ತಾದ ಪಕ್ಕಕ್ಕೆ ಜೋಡಿಸುವ ಓರೆ ತುಂಡು) ಇಂಥವಕ್ಕೆಲ್ಲ ಸನ್ನೆ ಹುಟ್ಟುವುದು ಸಾಮಾನ್ಯವಾಗಿ ಆಯಾ ಅಂಗಡಿಯ ಟೇಬಲ್ ಸುತ್ತಲೇ.

ಅರವತ್ತು ಇಂಚಿನ ಕುರ್ತಾ

ಗಾರ್ಮೆಂಟ್ಸ್ ಕಟಿಂಗ್‌ನಲ್ಲಿ ಶೇ. 10ರಿಂದ 15ರಷ್ಟು ಬಟ್ಟೆ ಚಿಂದಿಯಾಗಿ ಹೋಗುತ್ತದೆ ಅನ್ನುವುದು ಆ ಕಸುಬಿನವರೆಲ್ಲ ಒಪ್ಪುವ ಲೆಕ್ಕ. ಬಗಲಿನ ಗುಂಡನೆಯ ಕತ್ತರಿಕೆ, ಸೊಂಟದ ಬಾಗು ಇವೆಲ್ಲ ತುಂಡುಗಳ ನಡುವೆ ಸಂದು ಬಿಡುತ್ತವೆ. ಚಿಂದಿಯಿಂದ ಚೀಲ ಹೊಲಿದು 'ತ್ಯಾಜ್ಯದಿಂದ ಸಂಪತ್ತು' ಎಂದು ಮಾರುವುದು ಒಂದು ದಾರಿ. ಚಿಂದಿಯೇ ಆಗದ ಹಾಗೆ ಕತ್ತರಿಸುವುದು ಇನ್ನೊಂದು. ಎರಡನೆಯದನ್ನು ನಮ್ಮ ಹಳೆಯ ಕಲಿ ಕುರ್ತಾ ಯಾವತ್ತೋ ಮಾಡಿ ತೋರಿಸಿದೆ, ಯಾವ ಅಂತರರಾಷ್ಟ್ರೀಯ ಸೆಮಿನಾರೂ ಇಲ್ಲದೆ.

ಮೊದಲು ಬಟ್ಟೆಯ ಕುಗ್ಗು ತಿಳಿಯಬೇಕು. 50 ಸೆಂ.ಮೀ. ಚೌಕ ಗುರುತು ಹಾಕಿ, ರಾತ್ರಿಯಿಡೀ ನೀರಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ ಅಳೆಯಿರಿ. 47 ಬಂದರೆ ನೂರಕ್ಕೆ ಆರು ಕುಗ್ಗಿತು. ಉದ್ದಕ್ಕೂ ಅಗಲಕ್ಕೂ ಬೇರೆ ಬೇರೆ ಅಳೆಯಬೇಕು, ಎರಡೂ ಒಂದೇ ಇರುವುದಿಲ್ಲ. ಥಾನಿನಿಂದ ಥಾನಿಗೆ ಅಗಲ ಅರ್ಧ–ಒಂದು ಇಂಚು ಹೆಚ್ಚುಕಡಿಮೆ ಆಗುವುದು ಕೈಮಗ್ಗದಲ್ಲಿ ಮಾಮೂಲು, ಆದ್ದರಿಂದ ಅತಿ ಕಿರಿದಾದ ಥಾನಿನ ಅಗಲಕ್ಕೇ ಲೆಕ್ಕ ಹಾಕಿಕೊಳ್ಳುವುದು. ಬಣ್ಣವೂ ಕತ್ತರಿಗೆ ಮುಂಚೆಯೇ ಆಗಬೇಕು. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನಿಂದ ಕಂದುಗೆಂಪು ಬರುತ್ತದೆ. 1996ರಲ್ಲಿ ಶುರುವಾದ ಹೆಗ್ಗೋಡಿನ 'ಚರಕ' ಮಹಿಳಾ ಸಹಕಾರ ಸಂಘದ ಬಟ್ಟೆ ಉಟ್ಟವರಿಗೆ ಆ ಬಣ್ಣ ಪರಿಚಿತ. ಸಸ್ಯಬಣ್ಣಗಳಿಗೆ ಹತ್ತಿಯನ್ನು ಅಣಿ ಮಾಡಲು ಒಂದು ಕೆಜಿ ಬಟ್ಟೆಗೆ 150–200 ಗ್ರಾಂ ಅಳಲೆಕಾಯಿ ಪುಡಿ, ಆಮೇಲೆ 100–150 ಗ್ರಾಂ ಪಟಿಕ. ಬಣ್ಣ ಗಾಢವಾಗಲಿ ಎಂದು ಅನ್ನಭೇದಿ ಹಾಕುವವರು 20 ಗ್ರಾಂ ದಾಟಬಾರದು. ಕಬ್ಬಿಣದ ಅಂಶ ಹೆಚ್ಚಾದರೆ ಹತ್ತಿ ಒಳಗೊಳಗೇ ಸಾಯುತ್ತದೆ. ಹೊಸದಾಗಿ ಚೆನ್ನಾಗೇ ಕಂಡ ಬಟ್ಟೆ ಒಂದೆರಡು ವರ್ಷಕ್ಕೆ ಉಗುರಲ್ಲಿ ಎಳೆದರೆ ಹರಿಯುತ್ತದೆ.

ಈಗ ಕಟಿಂಗ್. ಒಗೆದ ಮೇಲೆ 45 ಇಂಚು ಅಗಲ ಉಳಿದಿದೆ ಎನ್ನಿ. ಸಣ್ಣ ಅಳತೆಯ ಕುರ್ತಾಗೆ 42 ಇಂಚು ಉದ್ದದ ತುಂಡು. ಅದರಲ್ಲಿ ಮುಂದೆ ಹಿಂದೆ ತಲಾ 15 ಇಂಚು ಅಗಲದ ಎರಡು ನೇರ ಪಟ್ಟಿ. ಉಳಿದದ್ದು 15 ಇಂಚು ಅಗಲ. ಅದರಿಂದ 7.5 ಅಗಲ, 33 ಉದ್ದದ ಎರಡು ಆಯತ. ಪ್ರತಿ ಆಯತದ ಮೇಲಂಚಿನಲ್ಲಿ ಎಡದಿಂದ 1.5 ಇಂಚಿಗೆ, ಕೆಳಂಚಿನಲ್ಲಿ ಎಡದಿಂದ 6 ಇಂಚಿಗೆ ಗುರುತು ಹಾಕಿ, ಎರಡನ್ನೂ ಓರೆ ಗೆರೆಯಲ್ಲಿ ಸೇರಿಸಿ ಕತ್ತರಿಸಿ, ಒಂದನ್ನು ತಲೆಕೆಳಗು ಮಾಡಿದರೆ ಎರಡು ಒಂದೇ ಅಳತೆಯ ಕಲಿ. ಒಟ್ಟು ನಾಲ್ಕು. ಮೇಲೆ ಉಳಿದ 15 x 9ರಲ್ಲಿ 4 ಇಂಚಿನ ಎರಡು ಬಗಲ ತುಂಡು, ಕುತ್ತಿಗೆಯ ಒಳಪಟ್ಟಿ. ತೋಳಿಗೆ ಇನ್ನೊಂದು 18 ಇಂಚು ಬಟ್ಟೆ: 16 ಅಗಲದ ಎರಡು ತೋಳು, ಉಳಿದ 13 x 18ರಲ್ಲಿ ಜೇಬು. ಎಲ್ಲ ಸೇರಿ 60 ಇಂಚು, ಅಂದರೆ ಒಂದೂವರೆ ಮೀಟರಿಗೆ ಚೂರು ಹೆಚ್ಚು. ಕುತ್ತಿಗೆಯಿಂದ ಬಿದ್ದ ಬಟ್ಟೆಯಲ್ಲಿ ಬಟನ್ನಿನ ಕುಣಿಕೆ. ಕೊನೆಗೆ ಮುಷ್ಟಿಯಷ್ಟು ಚಿಂದಿಯೂ ಇರುವುದಿಲ್ಲ.

ಎಡವುವುದು ಮೂರು ಕಡೆ. ಒಂದು, ಹೂವು ಬಳ್ಳಿ ಮೇಲ್ಮುಖವಾಗಿರುವ ಪ್ರಿಂಟ್ ಆದರೆ ತಲೆಕೆಳಗಾದ ಕಲಿಯಲ್ಲಿ ಹೂವು ಶೀರ್ಷಾಸನ ಹಾಕುತ್ತದೆ. ಇಂಥ ಬಟ್ಟೆಗೆ ಈ ಕಟಿಂಗ್ ಬೇಡ. ಇನ್ನೊಂದು, ಕಲಿಯ ಓರೆ ಅಂಚು ಎಳೆದರೆ ಹಿಗ್ಗುತ್ತದೆ. ಅದನ್ನು ಕೆಳಗಿಟ್ಟು, ನೇರ ಅಂಚನ್ನು ಮೇಲಿಟ್ಟು ಹೊಲಿದರೆ ಬಟ್ಟೆಯನ್ನು ಕೆಳಗಿನಿಂದ ಎಳೆಯುವ ಮಿಷನ್ನಿನ ಹಲ್ಲು ಹೆಚ್ಚಿನದನ್ನು ತಾನೇ ನುಂಗಿಕೊಳ್ಳುತ್ತದೆ. ಮತ್ತೆ ಕೆಳಗಿನ ಮಡಿಕೆ: ಹೊಲಿದ ದಿನವೇ ಮಡಚಬೇಡಿ. ಒಂದು ರಾತ್ರಿ ಹ್ಯಾಂಗರಿಗೆ ನೇತುಹಾಕಿದರೆ ಓರೆ ಭಾಗ ಇಳಿಯುವಷ್ಟು ಇಳಿಯುತ್ತದೆ, ಬೆಳಿಗ್ಗೆ ಸಮ ಮಾಡಿ ಮಡಚಿ. ಇಲ್ಲದಿದ್ದರೆ ಮೂರನೇ ಒಗೆತಕ್ಕೆ ಪಕ್ಕದ ಅಂಚು ಜೋತುಬೀಳುತ್ತದೆ.

ಅಂಚಿನ ಎಳೆ ಬಿಚ್ಚದಂತೆ ದಾರ ಸುತ್ತುವ ಓವರ್‌ಲಾಕ್ ಬೇಡ ಅನ್ನುವವರು, ಕತ್ತರಿಸಿದ ಅಂಚನ್ನು ಹೊಲಿಗೆಯೊಳಗೇ ಮುಚ್ಚುವ ಫ್ರೆಂಚ್ ಸೀಮ್ ಹಾಕುತ್ತಾರೆ. ಎರಡು ತುಂಡಿನ ಉಲ್ಟಾ ಬದಿಗಳು ಒಳಗೆ ಒಂದಕ್ಕೊಂದು ತಾಗುವಂತೆ ಸೇರಿಸಿ ಕಾಲಿಂಚಿಗೆ ಒಂದು ಹೊಲಿಗೆ, ಆ ಅಂಚನ್ನು ಅರ್ಧಕ್ಕೆ ಕತ್ತರಿಸಿ, ಮಗುಚಿ, ಇಸ್ತ್ರಿ ಹಾಕಿ, ಮತ್ತೆ ಕಾಲಿಂಚಿಗೆ ಇನ್ನೊಂದು. ನಡುವಿನ ಕತ್ತರಿಸುವ ಹಂತವನ್ನು ಅವಸರದಲ್ಲಿ ಬಿಟ್ಟರೆ ಎಳೆಗಳು ಹೊರಗಡೆ ಮೀಸೆ ಬಿಡುತ್ತವೆ, ಆಮೇಲೆ ಸರಿಮಾಡಲು ದಾರಿಯಿಲ್ಲ. ಇಂಚಿಗೆ 10–12 ಹೊಲಿಗೆ ಸರಿ; 15ಕ್ಕೆ ಏರಿಸಿದರೆ ಗಟ್ಟಿಯಾಗುವುದಿಲ್ಲ, ತೂತುಗಳ ಸಾಲಾಗಿ ಹರಿಯುತ್ತದೆ. ಬಟ್ಟೆ ಪೂರ್ತಿ ಹತ್ತಿಯದಾಗಿದ್ದು ದಾರ ಮಾತ್ರ ಪಾಲಿಯೆಸ್ಟರ್ ಆದರೆ, ಮಣ್ಣಿಗೆ ಹೋದ ಬಟ್ಟೆ ಕರಗಿ ಹೊಲಿಗೆಯ ಅಸ್ಥಿಪಂಜರವೊಂದು ಉಳಿಯುತ್ತದೆ. ಹತ್ತಿದಾರ ಹಾಕಿದರೆ ಮಿಷನ್ ನಿಧಾನವಾಗಿ ಓಡಿಸಬೇಕು. ನಿಮಿಷಕ್ಕೆ 5,000 ಹೊಲಿಗೆಯ ವೇಗಕ್ಕೆ ಅದು ತಡೆಯುವುದಿಲ್ಲ, ಅದರ ಅರ್ಧಕ್ಕಿಳಿಸಿದರೆ ಸುಮ್ಮನೆ ಬರುತ್ತದೆ.

ಕೈಗೆ ಕೇಳಿಸುವುದು

ಅನುಭವಿ ಟೈಲರ್ ಮಿಷನ್ನನ್ನು ಅರ್ಧ ಕಿವಿಯಿಂದಲೇ ಓಡಿಸುತ್ತಾರೆ. ಸೂಜಿ ಮೊಂಡಾದರೆ ಟಕ್ ಟಕ್, ಎಣ್ಣೆ ಒಣಗಿದರೆ ಕರಕರ. ಕಿವುಡ ಟೈಲರಿಗೆ ಅದೇ ಸುದ್ದಿ ಎಡಗೈ ಅಂಗೈಯಿಂದ, ಪೆಡಲ್ ಮೇಲಿನ ಪಾದದಿಂದ ಬರುತ್ತದೆ. 'ದೇವರು ಒಂದು ಕಿತ್ಕೊಂಡ್ರೆ ಇನ್ನೊಂದು ಕೊಡ್ತಾನೆ' ಎಂದು ಇದಕ್ಕೆ ದೈವಿಕ ಬಣ್ಣ ಬಳಿಯುವವರಿದ್ದಾರೆ. ಹಾಗೇನೂ ಇಲ್ಲ, ಅಭ್ಯಾಸ. ಮೊಂಡು ಸೂಜಿ ಬಟ್ಟೆಯನ್ನು ಚುಚ್ಚುವ ಬದಲು ಕೆಳಕ್ಕೆ ದೂಡುತ್ತದೆ, ಅದು ಬೆರಳಿಗೆ ಗೊತ್ತಾಗುತ್ತದೆ. ಕೈಮಗ್ಗದ ಬಟ್ಟೆಯಲ್ಲಿ ಹೊಲಿಗೆಯ ಪಕ್ಕ ಎಳೆ ಜಗ್ಗಿ ಕಣ್ಣಿಗೂ ಕಾಣುತ್ತದೆ. ಜೂಕಿಯಂಥ ಮಿಷನ್‌ನ ತಲೆಯ ಮೇಲೆ ಸಣ್ಣ ಗಾಜಿನ ಕಿಂಡಿ ಇದೆಯಲ್ಲ, ಓಡುವಾಗ ಅದರಲ್ಲಿ ಎಣ್ಣೆ ಚಿಮ್ಮುವುದು ಕಾಣಬೇಕು. ಕೇಳುವವರು ವರ್ಷಗಟ್ಟಲೆ ಅದರ ಕಡೆ ನೋಡುವುದೇ ಇಲ್ಲ. ಕೆಳಗಿನ ದಾರ ಸುತ್ತಿದ ಬಾಬಿನ್ ಖಾಲಿಯಾಗುವುದಂತೂ ಯಾರ ಕಿವಿಗೂ ಬೀಳದು. ಅದಕ್ಕೆ ಲೆಕ್ಕವೇ ಗತಿ: ಒಂದು ಮೀಟರ್ ಹೊಲಿಗೆಗೆ ಕೆಳಗಿನ ದಾರ ಸುಮಾರು ಒಂದೂಕಾಲು ಮೀಟರ್. ಬಾಬಿನ್ನಿನಲ್ಲಿ 50 ಮೀಟರ್ ಸುತ್ತಿದ್ದರೆ 40 ಮೀಟರ್ ಹೊಲಿಗೆಗೆ ಬದಲಿಸಬೇಕು.

ನಿಜವಾದ ಅಪಾಯ ಹಳೆಯ ಕ್ಲಚ್ ಮೋಟರಿನದು. ಸ್ವಿಚ್ ಹಾಕಿದ ಕ್ಷಣದಿಂದ ಅದು ತಿರುಗುತ್ತಲೇ ಇರುತ್ತದೆ. ಕೇಳುವವರಿಗೆ ಆ ಗುಂಯ್‌ಗುಡುವಿಕೆಯೇ ಎಚ್ಚರಿಕೆ. ಆಫ್ ಆಗಿದೆ ಎಂದುಕೊಂಡು ಸೂಜಿಗೆ ದಾರ ಪೋಣಿಸುವಾಗ ಪೆಡಲಿಗೆ ಕಾಲು ತಾಗಿದರೆ ಬೆರಳಿಗೇ ಹೊಲಿಗೆ. ಸರ್ವೊ ಮೋಟರ್ ಹಾಕಿದರೆ ಹೊಲಿಯುವಾಗ ಮಾತ್ರ ತಿರುಗುತ್ತದೆ, ಕರೆಂಟೂ ಉಳಿಯುತ್ತದೆ. ಜೊತೆಗೆ ಕಣ್ಣಿನ ಮಟ್ಟದಲ್ಲಿ ಒಂದು ಕೆಂಪು ದೀಪ, ಆನ್ ಇರುವಷ್ಟು ಹೊತ್ತೂ ಉರಿಯುವಂತೆ. ಬೆಂಕಿಯ ಅಲಾರಂ ಕೂಡ ಮಿನುಗುವ ದೀಪವಾಗಿ ಇರಬೇಕು, ಹಾಲ್‌ನಲ್ಲಿ ಮಾತ್ರವಲ್ಲ, ಟಾಯ್ಲೆಟ್ಟಿನಲ್ಲಿ, ಥಾನು ಪೇರಿಸುವ ಕೋಣೆಯಲ್ಲಿ. 2012ರ ನವೆಂಬರ್ 24ರಂದು ಢಾಕಾ ಬಳಿಯ ತಾಜ್ರೀನ್ ಕಾರ್ಖಾನೆಯಲ್ಲಿ ಅಲಾರಂ ಕೇಳಿಸಿಕೊಂಡು ಎದ್ದವರನ್ನೇ ಮತ್ತೆ ಮಿಷನ್ನಿಗೆ ಕೂರಿಸಿದ್ದರು; ನೂರಕ್ಕೂ ಹೆಚ್ಚು ಜನ ಸತ್ತರು. ಕೇಳಿಸಿಕೊಂಡವರ ಗತಿಯೇ ಅದಾದರೆ ಕೇಳಿಸದವರ ಪಾಡನ್ನು ಕಟ್ಟಡದ ನಕ್ಷೆ ಹಾಕುವಾಗಲೇ ಯೋಚಿಸಬೇಕು.

ಮತ್ತೆ ಕೂರುವ ರೀತಿ. ಗಾರ್ಮೆಂಟ್ಸ್ ಲೈನ್‌ನಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಮುಖ ಮಾಡಿ ಒಬ್ಬರ ಹಿಂದೊಬ್ಬರು. ಕಿವುಡ ಟೈಲರಿಗೆ ದಿನವಿಡೀ ಕಾಣುವುದು ಮುಂದಿನವಳ ಜಡೆ. ಮಿಷನ್‌ಗಳನ್ನು ಕುದುರೆಲಾಳದ ಆಕಾರದಲ್ಲಿ ಇಟ್ಟರೆ ಎಲ್ಲರಿಗೂ ಎಲ್ಲರ ಮುಖ, ಕೈ ಕಾಣುತ್ತದೆ. ಕಿಟಕಿ ಬೆನ್ನಿಗೆ ಬರುವಂತೆ ಯಾರನ್ನೂ ಕೂರಿಸಬಾರದು. ಹಿಂದಿನ ಬೆಳಕಿಗೆ ಮುಖ ಕಪ್ಪಾಗಿ ಸನ್ನೆ ಓದಲಾಗುವುದಿಲ್ಲ. ಕರೆಯಬೇಕಾದರೆ ಟೇಬಲ್ ತಟ್ಟುವುದು, ಲೈಟ್ ಒಮ್ಮೆ ಆರಿಸಿ ಹಚ್ಚುವುದು. ಹಿಂದಿನಿಂದ ಬಂದು ಹೆಗಲು ಮುಟ್ಟುವುದು ಮಾತ್ರ ಸೂಜಿ ಓಡುತ್ತಿರುವಾಗ ಎಂದೂ ಬೇಡ.

ಇಪ್ಪತ್ತೆರಡು ರೂಪಾಯಿ

ಇಂಥದ್ದೊಂದು ಕುದುರೆಲಾಳದ ಟೇಬಲಿನಲ್ಲಿ ಕಂಡದ್ದು. ಒಬ್ಬಳು ಕಲಿ ಜೋಡಿಸುತ್ತಿದ್ದಳು, ಅರ್ಧ ಹೊಲಿಗೆಯಲ್ಲಿ ಸೂಜಿ ಬಟ್ಟೆಯೊಳಗೇ ನಿಂತಿತ್ತು. ಎದುರಿನವಳಿಗೆ ಏನೋ ಹೇಳಬೇಕಿತ್ತು, ಆದರೆ ಓರೆ ಅಂಚು ಬಿಟ್ಟರೆ ಜಾರುತ್ತದೆ. ಎದುರಿನವಳು ಎದ್ದು ಬಂದು, ಪಕ್ಕ ನಿಂತು, ಆ ಅಂಚನ್ನು ತನ್ನ ಎರಡು ಬೆರಳಲ್ಲಿ ಹಿಡಿದುಕೊಂಡಳು. ಗದ್ದ ಮೇಲೆತ್ತಿದಳು, ಹೇಳು ಅನ್ನುವಂತೆ. ಇವಳ ಕೈ ಬಿಡುವಾಯಿತು. ನಿಮಿಷವಿಡೀ ಹೇಳಿದಳು, ಮುಖವೆಲ್ಲ ಬಳಸಿ. ಹಿಡಿದಿದ್ದವಳು ನಕ್ಕು ನಕ್ಕು ಬಟ್ಟೆ ಅಲುಗಿಸಿದ್ದಕ್ಕೆ ಕೈಮೇಲೊಂದು ಏಟೂ ಬಿತ್ತು.

ಆ ನಿಮಿಷವನ್ನು ಗಾರ್ಮೆಂಟ್ಸ್ ಲೆಕ್ಕದಲ್ಲಿ ನಷ್ಟ ಅನ್ನುತ್ತಾರೆ. ಪ್ರತಿ ಹೊಲಿಗೆಗೂ ಇಷ್ಟು ನಿಮಿಷ ಎಂದು ಕೂಡಿಸಿ ಒಂದು ಉಡುಪಿನ ದರ ಹೇಳುವ ಪದ್ಧತಿ ಅಲ್ಲಿಯದು. ತಲೆ ಎತ್ತಿ ನೋಡಿದ ಹೊತ್ತಿಗೆ ಅದರಲ್ಲಿ ಕಲಮು ಇಲ್ಲ. ಹಾಗಾದರೆ ನಾವೇ ಕೂಡಿಸಿ ನೋಡೋಣ. ಉದಾಹರಣೆಗೆ ತಿಂಗಳಿಗೆ 16,000 ಸಂಬಳ. ಮಾಲೀಕರ ಪಾಲಿನ ಪಿಎಫ್ ಶೇ. 12, ಇಎಸ್‌ಐ ಶೇ. 3.25 ಸೇರಿದರೆ 18,440. ದಿನಕ್ಕೆ 480 ನಿಮಿಷ, 26 ದಿನ, ಒಟ್ಟು 12,480 ನಿಮಿಷ. ನಿಮಿಷಕ್ಕೆ ಸುಮಾರು 1 ರೂಪಾಯಿ 48 ಪೈಸೆ. ಫ್ರೆಂಚ್ ಸೀಮ್ ಹಾಕಿದ ಈ ಕುರ್ತಾಗೆ 110 ನಿಮಿಷ ಎಂದಿಟ್ಟುಕೊಂಡರೆ ಹೊಲಿಗೆಗೆ 163 ರೂಪಾಯಿ. ಅದರ ಮೇಲೆ 15 ನಿಮಿಷ ಕೈಬಿಟ್ಟು ಮಾತಾಡಲು, ರಟ್ಟು ನೋಡಲು, ಬಗ್ಗಿದ ಕತ್ತು ಎತ್ತಲು ಎಂದು ಬಿಟ್ಟರೆ 22 ರೂಪಾಯಿ ಹೆಚ್ಚು. ಜವಾಬ್ದಾರಿಯ ಬಟ್ಟೆ ದುಬಾರಿ, ಬಡವರಿಗೆ ಎಟುಕದು ಅನ್ನುವ ಚರ್ಚೆ ದೊಡ್ಡದು, ಅದರಲ್ಲಿ ಬಟ್ಟೆಯ ಬೆಲೆ, ಬಣ್ಣದ ಬೆಲೆ, ಅಂಗಡಿಯ ಬಾಡಿಗೆ ಎಲ್ಲ ಬರುತ್ತದೆ. ಮಾತಿನ ಬೆಲೆ ಮಾತ್ರ ಇಪ್ಪತ್ತೆರಡೇ. ಸೂಪರ್‌ವೈಸರ್ ಹೊಗಳಿದ ಮೌನ ಉಳಿಸಿಕೊಡುತ್ತಿದ್ದದ್ದು ಇಷ್ಟನ್ನು.

ಲೇಬಲ್ ಎಲ್ಲಿ ಹಾಕುವುದು

ಗಿರಾಕಿಗಳಲ್ಲಿ, ಅಂಗಡಿಯವರಲ್ಲಿ ಒಂದು ಆಸೆ ಇರುತ್ತದೆ: 'ಕಿವುಡ ಕಲಾವಿದರು ಹೊಲಿದದ್ದು ಅಂತ ಟ್ಯಾಗ್ ಹಾಕಿ, ಬೇಗ ಮಾರಾಟವಾಗುತ್ತೆ.' ಆಗುತ್ತದೆ, ನಿಜ. ಕರುಣೆಯಿಂದ ಒಮ್ಮೆ ಕೊಂಡವರು ಹೊಲಿಗೆ ಬಿಟ್ಟರೂ ದೂರು ಕೊಡುವುದಿಲ್ಲ, ಮತ್ತೆ ಬರುವುದೂ ಇಲ್ಲ. ದೂರು ಬಾರದಿದ್ದರೆ ಯಾವ ಹೊಲಿಗೆ ಎಲ್ಲಿ ಬಿಟ್ಟಿತು ಅಂತ ಡಿಸೈನರಿಗೆ ತಿಳಿಯುವುದು ಹೇಗೆ? ಆ ಜಾಗದಲ್ಲಿ ಉಪಯೋಗದ ಮಾತು ಬರೆಯಬಹುದು: ಅಂಟುವಾಳ ಅಥವಾ ಸೌಮ್ಯ ಸೋಪು, ಒಳಬದಿ ಹೊರಗೆ ಮಾಡಿ ನೆರಳಲ್ಲಿ ಒಣಗಿಸಿ, ನಿಂಬೆ ಹುಣಸೆ ತಾಗಿದರೆ ಬಣ್ಣ ಕಲೆಯಾಗುತ್ತದೆ, ತಕ್ಷಣ ನೀರಲ್ಲಿ ತೊಳೆಯಿರಿ. ಪಕ್ಕದ ಹೊಲಿಗೆಗೆ ಒಳಗೆ ಬಟ್ಟೆ ಬಿಟ್ಟಿದ್ದರೆ ಅದನ್ನೂ ಬರೆಯಿರಿ, ಮೈ ಬಂದಾಗ ಬಿಚ್ಚಿಸಿಕೊಳ್ಳಲಿ. ಆದರೆ ಹಾಗೆ ಬಿಡುವಾಗ ಫ್ರೆಂಚ್ ಸೀಮ್ ಬರುವುದಿಲ್ಲ, ಅಂಚು ಮಡಚಿ ತುರುಪಿ ಹಾಕಬೇಕು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ.

ಲೇಬಲನ್ನು ಕುತ್ತಿಗೆಯ ಹಿಂದೆ ಹಾಕಬೇಡಿ. ಶ್ರವಣ ಸಾಧನ ಹಾಕುವವರಿಗೆ ಕಿವಿಯ ಹಿಂದೆ, ಕತ್ತಿನ ಬಳಿ ಏನು ತಾಗಿದರೂ ಗೊತ್ತು. ಗಟ್ಟಿ ಕಾಲರ್ ಮೈಕಿಗೆ ಉಜ್ಜಿದರೆ ತಲೆಯೊಳಗೆ ಬಿರುಗಾಳಿ, ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆಯಿಂದ ಒಳಗಿವಿಗೆ ಅಳವಡಿಸುವ ಶ್ರವಣ ಸಾಧನ) ಇದ್ದವರಿಗೆ ಬಿಗಿ ಕುತ್ತಿಗೆಯ ಟೀಶರ್ಟ್ ತೆಗೆಯುವಾಗಲೆಲ್ಲ ಅಯಸ್ಕಾಂತದ ಬಿಲ್ಲೆ ಕಿತ್ತು ಬರುತ್ತದೆ. ಕುರ್ತಾದ ಕುತ್ತಿಗೆಗೆ ಏಳೆಂಟು ಇಂಚಿನ ಸೀಳು ಕೊಟ್ಟು ಬಟನ್ ಇಟ್ಟರೆ ಆ ತೊಂದರೆ ಇಲ್ಲ. ಲೇಬಲ್ ಹತ್ತಿಯ ಪಟ್ಟಿಯದಾಗಿರಲಿ, ಎಡಗಡೆಯ ಪಕ್ಕದ ಹೊಲಿಗೆಯಲ್ಲಿ, ಕೆಳಗಿನ ಮಡಿಕೆಯಿಂದ ನಾಲ್ಕಿಂಚು ಮೇಲೆ, ಫ್ರೆಂಚ್ ಸೀಮ್ ಆದರೆ ಎರಡನೇ ಹೊಲಿಗೆ ಹಾಕುವ ಮುಂಚೆ ಒಳಬದಿಗೆ ಸೇರಿಸಿ.